ಮೊದಲು ಮುಚ್ಚಳ, ಆಮೇಲೆ ಮಷಿನು

ಕೊಲ್ಹಾರದ ಮೊಸರಿಗೆ ಮುಚ್ಚಳದ ಹಂಗಿಲ್ಲ. ಗಡಿಗೆ ಬೋರಲು ಹಿಡಿದರೂ ಬೀಳದ ಮೊಸರು ಅಂತ ಅದರ ಖ್ಯಾತಿ. ಜೋಳ ತುಂಬಿದ ಹಗೇವಿನ ಬಾಯಿಗೆ ಮಣ್ಣು ಮೆತ್ತಿದರೆ ಆಯಿತು, ಉಪ್ಪಿನಕಾಯಿ ಭರಣಿಗೆ ಬಿಳಿ ಅರಿವೆ ಕಟ್ಟಿದರೆ ಆಯಿತು. ನಮ್ಮ ಮುಳವಾಡ ಸೀಮೆಯವರು ತಲೆಮಾರುಗಟ್ಟಲೆ ಹೀಗೇ ಬಾಳಿದವರು. ಬೂಚಿನ ಚಿಂತೆ ನಮಗೆ ಹಚ್ಚಿದ್ದು ಲಿಂಬೆ.

ಇಂಡಿ, ಸಿಂದಗಿ ಕಡೆ ಲಿಂಬೆ ತೋಟವಿದ್ದ ಮನೆಯಲ್ಲಿ ಹುಟ್ಟಿದವರಿಗೆ ಮಳೆಗಾಲದ ಪೇಟೆಯ ಕಥೆ ಗೊತ್ತು. ಬೇಸಿಗೆಯಲ್ಲಿ ಕೈಗೆಟುಕದ ಹಣ್ಣು ಶ್ರಾವಣದ ಹೊತ್ತಿಗೆ ಗಾಡಿ ಬಾಡಿಗೆಗೂ ಸಾಲದಂತಾಗುತ್ತದೆ. ಇಂಡಿಯಲ್ಲಿ ಲಿಂಬೆ ಅಭಿವೃದ್ಧಿ ಮಂಡಳಿ ಇದೆ, ಇಂಡಿ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂದಿದೆ. ಆದರೆ ಗಿಡದ ಬುಡಕ್ಕೆ ಬಿದ್ದ ಹಣ್ಣು ಯಾವ ಮಾನ್ಯತೆಗೂ ಕಾಯದೆ ಕೊಳೆಯುತ್ತದೆ. ಅದಕ್ಕೇ ನಮ್ಮ ಅಕ್ಕ ಮತ್ತು ಅವಳ ಸ್ವಸಹಾಯ ಸಂಘದವರು ಶರಬತ್ತು ಮಾಡಲು ಕುಳಿತರು. ರಸ ಹಿಂಡುವುದು, ಪಾಕದ ಹದ ನೋಡುವುದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬಾಟ್ಲಿಯ ಬಾಯಿ ಮುಚ್ಚುವ ಮಷಿನ್ ಆರಿಸುವ ಕೆಲಸ ಮಾತ್ರ, "ನೀ ನಾಕ ಅಕ್ಷರಾ ಕಲತಾವ" ಎಂಬ ಕಾರಣಕ್ಕೆ ನನ್ನ ಕೊರಳಿಗೆ ಬಿತ್ತು.

ಮಾರುವವರು ಮೊದಲು ಹೇಳುವುದು ವೇಗ: ತಾಸಿಗೆ ಇಷ್ಟು ನೂರು ಬಾಟ್ಲಿ. ನಾನು ಹುರುಪಿನಿಂದ ಅದನ್ನು ಅಕ್ಕನಿಗೆ ಒಪ್ಪಿಸಿದೆ. "ಅಷ್ಟ್ ಬಾಟ್ಲಿ ಮುಚ್ಚತೈತಿ, ಖರೆ. ಅಷ್ಟ್ ಬಾಟ್ಲಿ ತೊಳ್ಯಾವ್ರ ಯಾರಪಾ ತಮ್ಮಾ?" ಅಂದಳು. ತೊಳೆಯುವುದು, ಒಣಗಿಸುವುದು, ಸೋಸುವುದು, ತುಂಬುವುದು, ಲೇಬಲ್ ಹಚ್ಚುವುದು ಎಲ್ಲ ಕೈಕೆಲಸ. ನಡುವೆ ಮಷಿನ್ ಒಂದೇ ಓಡಿ ಎಲ್ಲಿಗೆ ಹೋಗಬೇಕು?

ಬಸವನ ಬಾಗೇವಾಡಿ ಜಾತ್ರೆಯಲ್ಲಿ ನಾವೆಲ್ಲ ಕುಡಿದ ಗೋಲಿ ಸೋಡಾಕ್ಕೆ ಈ ರಗಳೆ ಇರಲಿಲ್ಲ. ಹೈರಂ ಕಾಡ್ ಎಂಬ ಇಂಗ್ಲಿಷಿನವ 1872ರಲ್ಲಿ ಪೇಟೆಂಟ್ ಪಡೆದ ಆ ಬಾಟ್ಲಿಯಲ್ಲಿ ಮುಚ್ಚಳ ಒಳಗೇ ಇದೆ. ಬಾಟ್ಲಿ ತಲೆಕೆಳಗು ಮಾಡಿ ಗ್ಯಾಸ್ ಹೊಡೆದರೆ ಗೋಲಿ ಕತ್ತಿಗೆ ಜಾರುತ್ತದೆ, ಗ್ಯಾಸೇ ಅದನ್ನು ರಬ್ಬರ್ ಬಳೆಗೆ ಒತ್ತಿ ಹಿಡಿಯುತ್ತದೆ. ಶರಬತ್ತಿನಲ್ಲಿ ಗ್ಯಾಸ್ ಇಲ್ಲ, ಗೋಲಿ ನಿಲ್ಲುವುದಿಲ್ಲ.

ಆಮೇಲೆ ಬಂದವನು ಅಮೆರಿಕದ ಬಾಲ್ಟಿಮೋರಿನ ವಿಲಿಯಂ ಪೇಂಟರ್. 1892ರಲ್ಲಿ ಅವನು ಪೇಟೆಂಟ್ ಮಾಡಿಸಿದ ಹಲ್ಲಿನಂಚಿನ ತಗಡಿನ ಬಿಲ್ಲೆಯನ್ನು ನಾವು ಹುಡುಗರಾಗಿದ್ದಾಗ ಸೋಡಾ ಅಂಗಡಿ ಮುಂದೆ ಆರಿಸಿ ಆಡಿದ್ದೇವೆ. ಅದನ್ನು ಒತ್ತಿ ಕೂರಿಸಲು ಕಾಲಿನಿಂದ ತುಳಿಯುವ ಮಷಿನ್ ಅವನು ಮಾಡಿದ್ದು 1898ರಲ್ಲಿ. ಮೊದಲು ಮುಚ್ಚಳ, ಆರು ವರ್ಷ ಬಿಟ್ಟು ಮಷಿನು. ನಾವು ಪೇಟೆಗೆ ಹೋಗಿ ಇದನ್ನೇ ಉಲ್ಟಾ ಮಾಡುತ್ತೇವೆ. ಅವನ ಕಂಪನಿಯಲ್ಲಿ ಬಿಲ್ಲೆ ಮಾರುತ್ತಿದ್ದ ಕಿಂಗ್ ಜಿಲೆಟ್ ಮುಂದೆ ಬಳಸಿ ಬಿಸಾಡುವ ಬ್ಲೇಡು ಮಾಡಿ ಶ್ರೀಮಂತನಾದ. ಇದರಲ್ಲಿ ನಮಗೂ ಒಂದು ಸುಳಿವಿದೆ: ಮಷಿನ್ ಕೊಳ್ಳುವುದು ಒಮ್ಮೆ, ಮುಚ್ಚಳ ಕೊಳ್ಳುವುದು ಜೀವಮಾನವಿಡೀ. ಆ ಮುಚ್ಚಳ ವಿಜಯಪುರದಲ್ಲೋ ಸೊಲ್ಲಾಪುರದಲ್ಲೋ ಸಿಗದಿದ್ದರೆ, ಒಮ್ಮೆಗೆ ಹತ್ತು ಸಾವಿರ ಕೊಂಡರೆ ಮಾತ್ರ ಕೊಡುತ್ತೇವೆ ಅಂದರೆ, ಮಷಿನ್ ಎಷ್ಟು ಸೋವಿ ಸಿಕ್ಕರೂ ಬೇಡ.

ತಗಡಿನ ಬಿಲ್ಲೆ ನಮಗೆ ಒಗ್ಗಲಿಲ್ಲ. ಶರಬತ್ತಿನ ಬಾಟ್ಲಿ ಮನೆಯಲ್ಲಿ ಹದಿನೈದು ದಿನ ಇರುವಂಥದು, ತೆಗೆದು ಮತ್ತೆ ಮುಚ್ಚಬೇಕು. ಪ್ಲಾಸ್ಟಿಕ್ ಬಾಟ್ಲಿಯಾದರೆ ತಿರುಪಿನ ಮುಚ್ಚಳ, ಕೈಯಲ್ಲಿ ಹಿಡಿದು ತಿರುಗಿಸುವ ಸಣ್ಣ ಯಂತ್ರವೇ ಸಾಕು. ಆದರೆ ಪಾಕ ಬಿಸಿಯಿದ್ದಾಗಲೇ ತುಂಬುವವರಿಗೆ ಸಾದಾ ಪ್ಲಾಸ್ಟಿಕ್ ಬಾಟ್ಲಿ ಆಗುವುದಿಲ್ಲ, ಮುದುಡುತ್ತದೆ. ಉಳಿದದ್ದು ಗಾಜು, ಅದರ ಮೇಲೆ ಅಲ್ಯೂಮಿನಿಯಂ ಮುಚ್ಚಳ.

ಈ ಮುಚ್ಚಳ ಬರುವಾಗ ಬೋಳು ಟೋಪಿ, ಒಳಗೆ ತಿರುಪೇ ಇರುವುದಿಲ್ಲ. ಮಷಿನಿನ ತಲೆ ಇಳಿದು ಅದನ್ನು ಒತ್ತಿ ಹಿಡಿದಾಗ ನಾಲ್ಕು ಪುಟ್ಟ ಗಾಲಿ ಸುತ್ತುತ್ತವೆ. ಎರಡು ಗಾಲಿ ಗಾಜಿನ ತಿರುಪಿನ ಗೆರೆ ಹಿಡಿದು ಅಲ್ಯೂಮಿನಿಯಂ ಮೇಲೆ ಅದೇ ಗೆರೆ ಮೂಡಿಸುತ್ತವೆ, ಇನ್ನೆರಡು ಕೆಳಗಿನ ಉಂಗುರವನ್ನು ಕತ್ತಿನ ಅಡಿಗೆ ಮಡಚುತ್ತವೆ. ಮುಚ್ಚಳ ತಿರುಗಿಸಿದಾಗ ಉಂಗುರ ಕಟ್ ಅಂತ ಬಿಟ್ಟು ಕೆಳಗೇ ಉಳಿಯಬೇಕು. ಮುಚ್ಚಳದ ಜೊತೆಗೇ ಮೇಲೆ ಬಂದರೆ ಕೆಳಗಿನ ಗಾಲಿ ಸರಿಯಾಗಿ ಕೂತಿಲ್ಲ. 28 ಮಿಲಿಮೀಟರಿನ ಬಾಯಿಗೆ ಹೊಂದಿಸಿದ ತಲೆ 25ಕ್ಕೆ ನಡೆಯುವುದಿಲ್ಲ. ಲಿಂಬೆ ಹುಳಿ ಅಲ್ಯೂಮಿನಿಯಂ ತಿನ್ನುತ್ತದೆ, ಆದ್ದರಿಂದ ಮುಚ್ಚಳದ ಒಳಗಿನ ಮೆತ್ತನೆ ಬಿಲ್ಲೆಯನ್ನು ಉಗುರಿನಿಂದ ಕೆದರಿ ನೋಡಿಯೇ ತರಬೇಕು.

ಕರೆಂಟಿನ ಮಾತು ಬೇರೆ. ಊರಲ್ಲಿ ಥ್ರೀ ಫೇಸ್ ಬರುವುದು ಪಂಪ್‌ಸೆಟ್ಟಿನ ಸಮಯಕ್ಕೆ. ಮನೆಯ ಸಿಂಗಲ್ ಫೇಸಿನಲ್ಲಿ ಓಡದ ಮಷಿನ್ ನಮಗೆ ಮಷಿನೇ ಅಲ್ಲ. ಗಾಳಿ ಕಂಪ್ರೆಸರ್ ಬೇಡುವುದೂ ಬೇಡ. ಹೀಗೆ ಸೋಸುತ್ತ ಉಳಿದದ್ದು ಮೇಜಿನ ಮೇಲೆ ಕೂರುವ, ಒಂದೇ ತಲೆಯ, ಹಿಡಿಕೆ ಎಳೆದರೆ ಇಳಿಯುವ ಮಷಿನು. ಅದನ್ನೇ ತಂದೆವು. ಅಕ್ಕನ ಪರೀಕ್ಷೆ ಇನ್ನೂ ಸರಳ: ಮುಚ್ಚಿದ ಬಾಟ್ಲಿಗಳನ್ನು ರಾತ್ರಿ ಅಡ್ಡ ಮಲಗಿಸುತ್ತಾಳೆ. ಸೋರಿದ್ದನ್ನು ನಮಗಿಂತ ಮೊದಲು ಇರುವೆ ಕಂಡುಹಿಡಿಯುತ್ತವೆ.

ಕಿರು ಆಹಾರ ಉದ್ದಿಮೆಗಳಿಗೆ ನೆರವಾಗಲು 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ವಿಜಯಪುರ ಜಿಲ್ಲೆಯ ಬೆಳೆಯಾಗಿ ಆಯ್ಕೆಯಾದದ್ದು ಲಿಂಬೆಯೇ. ಕೇಂದ್ರದ ಶೇ 35ಕ್ಕೆ ರಾಜ್ಯದ ಶೇ 15 ಕೂಡಿ ಅರ್ಧ ಹಣ ಸಹಾಯಧನ. ಅದನ್ನು ನಂಬಿ ದೊಡ್ಡ ಮಷಿನ್ ತಂದು ಗೋಣಿಚೀಲ ಹೊದಿಸಿಟ್ಟವರನ್ನು ಕಂಡಿದ್ದೇನೆ. ಬೇಡದ ಮಷಿನ್ ಅರ್ಧ ಬೆಲೆಗೆ ಸಿಕ್ಕರೂ ಉಳಿದರ್ಧ ದಂಡವೇ.

ನೀವೂ ಹೊರಟಿದ್ದರೆ ನಿಮ್ಮ ಬಾಟ್ಲಿ, ನಿಮ್ಮ ಮುಚ್ಚಳ ಎರಡು ಡಜನ್ ಚೀಲದಲ್ಲಿ ಹಾಕಿಕೊಂಡೇ ಹೋಗಿ. ಅಂಗಡಿಯವರ ಬಾಟ್ಲಿಯ ಮೇಲೆ ಎಲ್ಲ ಮಷಿನೂ ಚೆನ್ನಾಗಿಯೇ ಮುಚ್ಚುತ್ತವೆ.