ತಿರುಪುಳಿ

ಬೇಸಗೆ ಬಂತೆಂದರೆ ದಿಲ್ಲಿಯಲ್ಲಿ ಮಕ್ಕಳಿಗೆ ರಜೆ, ತಾಯಿತಂದೆಗಳಿಗೆ ಹೋಂವರ್ಕು. ಈ ಊರಿನಲ್ಲಿ ಸಂಸಾರ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮೇ ತಿಂಗಳಲ್ಲಿ ಶಾಲೆಯಿಂದ ಬರುವ ಪಟ್ಟಿಯಲ್ಲಿ ‘ವಿಜ್ಞಾನದ ಮಾದರಿ, ಒಂದು’ ಎಂಬ ಸಾಲು ಇದ್ದೇ ಇರುತ್ತದೆ. ಜೂನ್ ಮುಗಿಯುವ ಹೊತ್ತಿಗೆ ಬಡಾವಣೆಯ ಸ್ಟೇಷನರಿ ಅಂಗಡಿಯವನು ಜ್ವಾಲಾಮುಖಿ, ಸೌರವ್ಯೂಹ, ಗಾಳಿಯಂತ್ರ ಎಲ್ಲವನ್ನೂ ಥರ್ಮೋಕೋಲಿನಲ್ಲಿ ಕೊರೆಸಿ, ಬಣ್ಣ ಬಳಿಸಿ, ಬಾಗಿಲಲ್ಲಿ ತೂಗುಹಾಕಿರುತ್ತಾನೆ. ದುಡ್ಡು ಕೊಟ್ಟರೆ ಶನಿಗ್ರಹಕ್ಕೆ ಬಳೆಯನ್ನೂ ಅವನೇ ತೊಡಿಸಿ ಕೊಡುತ್ತಾನೆ. ಮಗು ಮಾಡಬೇಕಾದುದು ಹೆಸರಿನ ಚೀಟಿ ಅಂಟಿಸುವುದಷ್ಟೆ. ಅದನ್ನೂ ಅನೇಕ ವೇಳೆ ತಾಯಿಯೇ ಅಂಟಿಸುವುದುಂಟು, ಅಕ್ಷರ ಸೊಟ್ಟಗಾದೀತೆಂದು.

ನಮ್ಮ ಮೊಮ್ಮಗ ಏಳನೆಯ ತರಗತಿಯವನು. ಈ ಸಲದ ಮಾದರಿಯನ್ನು ಮನೆಯಲ್ಲೇ ಮಾಡೋಣವೆಂದು ನಾನು ಹಟ ಹಿಡಿದೆ. “ಮಾವ, ಅಂಗಡಿಯದಾದರೆ ಚೆನ್ನಾಗಿ ಕಾಣುತ್ತದೆ. ಅದಕ್ಕೂ ಮಾರ್ಕ್ಸ್ ಇದೆ” ಎಂದು ಸೊಸೆ ಮೆಲ್ಲಗೆ ಹೇಳಿದಳು. ಅವಳ ಮಾತು ಸುಳ್ಳಲ್ಲ. ಆದರೂ ಹಳೆಯ ಪೆಟ್ಟಿಗೆ ತೆಗೆದು ಸಾಮಾನು ಹರಡಿಕೊಂಡು ಕೂತೆವು. ಆಗ ಹುಡುಗ ಕೇಳಿದ: “ತಾತ, ಸ್ಕ್ರೂಡ್ರೈವರ್‌ಗೆ ಕನ್ನಡದಲ್ಲಿ ಏನು?”

“ತಿರುಪುಳಿ” ಎಂದೆ.

ಅವನು ನಕ್ಕುಬಿಟ್ಟ. ತಿರುಪು, ಉಳಿ, ತಿರುಪನ್ನು ತಿರುಗಿಸುವ ಉಳಿ. ಬಿಡಿಸಿ ಹೇಳಿದ ಮೇಲೆ ಎರಡು ಮೂರು ಸಲ ತಾನೇ ಹೇಳಿಕೊಂಡ. ನನಗೆ ಮಾತ್ರ ಒಂದು ಯೋಚನೆ ಹತ್ತಿತು. ಈ ಹುಡುಗನಿಗೆ ಕನ್ನಡ ಬರುವುದಿಲ್ಲವೆಂದು ಯಾರೂ ಹೇಳಲಾರರು. ಅನ್ನ, ಸಾರು, ಸ್ನಾನ, ನಿದ್ದೆ, ನಮಸ್ಕಾರ, ಬೈಗುಳ ಎಲ್ಲಕ್ಕೂ ಕನ್ನಡ ಉಂಟು. ಆದರೆ ಕೈಯಲ್ಲಿ ಒಂದು ವಸ್ತು ಹಿಡಿದು ಕೆಲಸ ಮಾಡುವಾಗ ಅವನ ಕನ್ನಡ ಮುಗಿದುಹೋಗುತ್ತದೆ. ಅಲ್ಲಿಂದ ಮುಂದೆ ಇಂಗ್ಲಿಷು, ಇಲ್ಲವೆ ಮಿಸ್ತ್ರಿಯ ಹಿಂದಿ. ನಮ್ಮ ಸಂಘದ ಸಂಸಾರಗಳಲ್ಲಿ ಬಹುಪಾಲು ಹೀಗೆಯೇ ಇದೆ ಎಂದು ನನ್ನ ಎಣಿಕೆ.

ಇಂಥ ತೊಡಕು ನಮ್ಮೊಬ್ಬರದೇ ಅಲ್ಲ. ಖಾನ್ ಮಾರ್ಕೆಟ್ಟಿನ ಬಳಿ ಹುಮಾಯೂನ್ ರಸ್ತೆಯಲ್ಲಿ ಯೆಹೂದ್ಯರ ಒಂದು ಸಣ್ಣ ಪ್ರಾರ್ಥನಾಮಂದಿರವಿದೆ. 1956ರಲ್ಲಿ ಕಟ್ಟಿದ್ದು. ಲೋದಿ ಎಸ್ಟೇಟಿನ ನಮ್ಮ ಕನ್ನಡ ಶಾಲೆಗೆ ಅಲ್ಲಿಂದ ಹೆಚ್ಚು ದೂರವಿಲ್ಲ. ದಿಲ್ಲಿಯಲ್ಲಿರುವ ಯೆಹೂದ್ಯರು ಕೈಬೆರಳೆಣಿಕೆಯ ಮನೆಗಳವರು. ಅವರಿಗೆ ಇಲ್ಲಿ ಸ್ವಂತ ಶಾಲೆ ಇಲ್ಲ. ಮುಂಬಯಿಯಲ್ಲಿ ಉಂಟು: 1875ರಲ್ಲಿ ಬೆನೆ ಇಸ್ರೇಲಿ ಜನ ತಮ್ಮ ಮಕ್ಕಳಿಗೆಂದು ತೆರೆದದ್ದು, ಮುಂದೆ ಸರ್ ಎಲಿ ಕಡೂರಿಯವರ ಹೆಸರು ಪಡೆಯಿತು. ಈ ಬೆನೆ ಇಸ್ರೇಲಿಗಳು ಕೊಂಕಣದ ಹಳ್ಳಿಗಳಲ್ಲಿ ಗಾಣ ಆಡಿಸಿಕೊಂಡಿದ್ದ ಜನ. ಶನಿವಾರ ಗಾಣ ನಿಲ್ಲಿಸುತ್ತಿದ್ದರೆಂದು ಊರವರು ಅವರನ್ನು ‘ಶನಿವಾರ ತೇಲಿ’, ಎಂದರೆ ಶನಿವಾರದ ಗಾಣಿಗರು, ಎಂದು ಕರೆಯುತ್ತಿದ್ದರು. 1948ರ ಬಳಿಕ ಬಹಳ ಮಂದಿ ಇಸ್ರೇಲಿಗೆ ಹೊರಟುಹೋದರು. ಆ ಶಾಲೆಯ ಬೆಂಚುಗಳಲ್ಲಿ ಈಗ ಬೇರೆ ಸಮಾಜಗಳ ಮಕ್ಕಳೇ ಹೆಚ್ಚು. ದಿಲ್ಲಿಯಲ್ಲಿ ತಮಿಳರು, ಬಂಗಾಳಿಗಳು, ಆಂಧ್ರರು, ನಾವು ಕಟ್ಟಿದ ಶಾಲೆಗಳಲ್ಲೂ ಈಗ ಎಲ್ಲ ಭಾಷೆಯ ಮಕ್ಕಳು ಕಲಿಯುತ್ತಾರೆ. ಇದರಲ್ಲಿ ಕೊರಗುವಂಥದು ನನಗೇನೂ ಕಾಣುವುದಿಲ್ಲ. ಪರರ ಮಕ್ಕಳಿಗೆ ಅಕ್ಷರ ಕಲಿಸಿದ ಶಾಲೆ ಕೆಟ್ಟಿತೆಂದು ಹೇಳಲಾದೀತೆ?

ಯೆಹೂದ್ಯರ ಹಳೆಯ ಧರ್ಮಶಾಸ್ತ್ರವು ತಂದೆಗೆ ವಿಧಿಸಿದ ಕರ್ತವ್ಯಗಳಲ್ಲಿ ಮಗನಿಗೆ ಒಂದು ಕಸುಬು ಕಲಿಸುವುದೂ ಸೇರಿದೆ. ಈಜು ಕಲಿಸುವುದನ್ನೂ ಕೆಲವರು ಅದಕ್ಕೆ ಸೇರಿಸಿದ್ದಾರೆ! ಹೀಗಿದ್ದರೂ ರಷ್ಯಾ ಚಕ್ರಾಧಿಪತ್ಯದಲ್ಲಿ ಅವರ ಪಾಡು ಕಷ್ಟದ್ದಾಗಿತ್ತು. ಬೇಕಾದ ಕಡೆ ವಾಸ ಮಾಡುವಂತಿರಲಿಲ್ಲ. ಹೊಲ ಕೊಳ್ಳಲು ನೂರೆಂಟು ಅಡ್ಡಿ. 1880ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೆಲವು ಹಣವಂತರು ಕೂಡಿ ಕೈಕಸುಬು, ಬೇಸಾಯಗಳ ಶಿಕ್ಷಣಕ್ಕಾಗಿ ಒಂದು ನಿಧಿ ತೆಗೆದರು. ಅದೇ ಮುಂದೆ ‘ಓಆರ್‌ಟಿ’ ಎಂಬ ಸಂಸ್ಥೆಯಾಯಿತು. ಹೊಲಿಗೆ, ಬಡಗಿಕೆಲಸದಂಥ ಕಸುಬುಗಳಿಂದ ಮೊದಲಾದ ಅದರ ಪಾಠ ವಿದ್ಯುತ್ತು, ಕಂಪ್ಯೂಟರುಗಳವರೆಗೆ ಬೆಳೆದಿದೆ. 1960ರ ದಶಕದಲ್ಲಿ ಅದು ಮುಂಬಯಿಗೂ ಬಂದು ಅಲ್ಲಿಯ ಯೆಹೂದ್ಯ ಹುಡುಗರಿಗೆ ಕಸುಬು ಕಲಿಸಿತು. ಊರು ಬಿಟ್ಟು ಊರು ಸೇರಬೇಕಾದವನು ಮನೆಮಠವನ್ನು ಹೊತ್ತುಕೊಂಡು ಹೋಗಲಾರ, ಕೈಯಲ್ಲಿರುವ ವಿದ್ಯೆ ತಾನಾಗಿ ಜೊತೆಗೆ ಬರುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದೆ ಇತ್ತೆಂದು ನನಗೆ ತೋರುತ್ತದೆ.

ನನ್ನನ್ನು ಹೆಚ್ಚಾಗಿ ಹಿಡಿದು ನಿಲ್ಲಿಸಿದ್ದು ಹೈಫಾ ಪಟ್ಟಣದ ಕಥೆ. ಅಲ್ಲಿ 1912ರಲ್ಲಿ ಒಂದು ತಾಂತ್ರಿಕ ವಿದ್ಯಾಲಯಕ್ಕೆ ಅಸ್ತಿಭಾರ ಹಾಕಿದರು. ಅದರ ಆಡಳಿತದಲ್ಲಿ ಜರ್ಮನಿಯ ಯೆಹೂದ್ಯರ ಒಂದು ಸಂಘಕ್ಕೆ ದೊಡ್ಡ ಕೈ. ಗೋಡೆ ಏಳುತ್ತಿರುವಾಗಲೇ ಜಗಳ ಹತ್ತಿತು: ಪಾಠ ಯಾವ ಭಾಷೆಯಲ್ಲಿ? ಹೀಬ್ರೂ ಭಾಷೆಯಲ್ಲಿ ಪ್ರಾರ್ಥನೆಯುಂಟು, ಪುರಾಣವುಂಟು. ಅದನ್ನು ಮನೆಮಾತಾಗಿ ಮತ್ತೆ ಎಬ್ಬಿಸಿ ಮೂವತ್ತು ವರ್ಷವಾಗಿತ್ತಷ್ಟೆ. ಅದರಲ್ಲಿ ಯಂತ್ರಶಾಸ್ತ್ರಕ್ಕೆ ಪದಗಳೆಲ್ಲಿ? ಆದುದರಿಂದ ವಿಜ್ಞಾನವನ್ನು ಜರ್ಮನ್ ಭಾಷೆಯಲ್ಲೇ ಕಲಿಸತಕ್ಕದ್ದು ಎಂದು 1913ರಲ್ಲಿ ಮಂಡಳಿ ಗೊತ್ತುಮಾಡಿತು. ವಿವೇಕದ ಮಾತೆಂದೇ ಯಾರಿಗಾದರೂ ತೋರುವಂಥದು. ಆದರೆ ಆ ಸಂಘದ ಶಾಲೆಗಳ ಉಪಾಧ್ಯಾಯರೂ ಹುಡುಗರೂ ತರಗತಿ ಬಿಟ್ಟು ಹೊರಗೆ ಬಂದರು; ತಮ್ಮದೇ ಹೀಬ್ರೂ ಶಾಲೆಗಳನ್ನು ತೆರೆದರು. ಮಂಡಳಿ ಮಣಿಯಬೇಕಾಯಿತು. ಅಷ್ಟರಲ್ಲಿ 1914ರ ಮಹಾಯುದ್ಧ ಬಂದು ಎಲ್ಲವೂ ನಿಂತಿತು. ಕೊನೆಗೆ ಟೆಕ್ನಿಯಾನ್ ಎಂಬ ಆ ವಿದ್ಯಾಲಯದಲ್ಲಿ ಪಾಠ ಮೊದಲಾದದ್ದು 1924ರಲ್ಲಿ, ಹೀಬ್ರೂ ಭಾಷೆಯಲ್ಲಿ, ಬಹು ಕೆಲವು ವಿದ್ಯಾರ್ಥಿಗಳೊಂದಿಗೆ. ಹಿಂದಿನ ವರ್ಷ ಐನ್‌ಸ್ಟೈನ್ ಅಲ್ಲಿಗೆ ಹೋಗಿ ಅಂಗಳದಲ್ಲಿ ಒಂದು ಗಿಡ ನೆಟ್ಟು ಬಂದಿದ್ದರು. ಪದಗಳು ಹುಟ್ಟಲಿ, ಆಮೇಲೆ ಪಾಠ ಎಂದು ಕಾದಿದ್ದರೆ ಇಂದಿಗೂ ಕಾಯುತ್ತಿರಬೇಕಾಗಿತ್ತು. ಪಾಠ ನಡೆಯಿತು, ಪದಗಳು ಹಿಂದೆಯೇ ಬಂದವು.

ಕನ್ನಡದಲ್ಲಿ ಈ ಉತ್ಸಾಹವೇನು ಕಡಿಮೆಯಿತ್ತೆ? ಹೈಫಾದಲ್ಲಿ ಪಾಠ ಮೊದಲಾಗುವುದಕ್ಕೆ ಆರು ವರ್ಷ ಮುಂಚೆ, 1918ರಲ್ಲಿ, ಬೆಂಗಳೂರಿನಿಂದ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಟಿತು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಅದನ್ನು ನಡೆಸಿದರು. ಎರಡೇ ವರ್ಷ ಬದುಕಿದ ಪತ್ರಿಕೆ. ಮುಂದೆ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಒಬ್ಬರೇ ಬರೆದರು. ಓದುವ ಕನ್ನಡಕ್ಕೆ ಕೊರತೆ ಬಂದದ್ದು ಕಡಿಮೆ. ಕೊರತೆ ಬೇರೆ ಕಡೆ ಇದೆ, ನಿಷ್ಠುರವಾದರೂ ಹೇಳಿಬಿಡುತ್ತೇನೆ. ಉಳಿ, ಬಾಚಿ, ಅರ, ಚಿಮಟ, ಇಕ್ಕಳ, ತಿದಿ, ಸನ್ನೆ, ರಾಟೆ, ಇವೆಲ್ಲ ಬಡಗಿ, ಕಮ್ಮಾರ, ರೈತರ ಬಾಯಿಂದ ಬಂದ ಮಾತುಗಳು. ಅರ್ಜಿ ಬರೆದು, ಪರೀಕ್ಷೆ ಪಾಸುಮಾಡಿ ದಿಲ್ಲಿಯ ರೈಲು ಹತ್ತಿದ ನಮ್ಮಲ್ಲಿ ಬಹಳ ಮಂದಿಯ ಮನೆಯಲ್ಲಿ ಉಳಿ ಹಿಡಿದವರು ಇರಲಿಲ್ಲ. ಹಿಡಿಯುವುದು ನಮ್ಮ ಕೆಲಸವಲ್ಲವೆಂಬ ಭಾವನೆಯೂ ಒಳಗೊಳಗೇ ಇತ್ತು. ಆದುದರಿಂದ ನಾವು ತಂದ ಕನ್ನಡದ ಗಂಟಿನಲ್ಲಿ ದೇವರನಾಮವಿತ್ತು, ಹುಳಿಪುಡಿಯ ಹದವಿತ್ತು; ತಿರುಪುಳಿ ಇರಲಿಲ್ಲ.

ದಿಲ್ಲಿಯೂ ಒಂದು ಕಾಲಕ್ಕೆ ಮಕ್ಕಳ ಕೈಗೆ ಬೆಲೆ ಕೊಟ್ಟಿತ್ತು. ರಾಷ್ಟ್ರೀಯ ವಿಜ್ಞಾನ ಪ್ರತಿಭಾಶೋಧದ ವಿದ್ಯಾರ್ಥಿವೇತನ 1963ರಲ್ಲಿ ಮೊದಲು ನಡೆದದ್ದು ಈ ಊರಿನಲ್ಲೇ, ಹನ್ನೊಂದನೆಯ ತರಗತಿಯವರಿಗೆ, ಹತ್ತೇ ಹತ್ತು. ಮರುವರ್ಷ ದೇಶಕ್ಕೆಲ್ಲ 350 ಆಯಿತು. ಆಗ ಪರೀಕ್ಷೆಗೆ ಬರುವ ಹುಡುಗ ತಾನು ಮಾಡಿದ ಪ್ರಾಜೆಕ್ಟಿನ ವರದಿಯನ್ನೂ ಒಪ್ಪಿಸಬೇಕಿತ್ತು. 1976ರ ಬದಲಾವಣೆಯಲ್ಲಿ ಅದು ಹೋಯಿತು. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಹಳ್ಳಿಶಾಲೆಗಳಲ್ಲಿ ಪ್ರಯೋಗದ ಮೂಲಕವೇ ವಿಜ್ಞಾನ ಕಲಿಸುವ ಕಾರ್ಯಕ್ರಮ ಹೊರಟಾಗ, ದಿಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಅಲ್ಲಿಗೆ ಹೋಗಿ ಹಳ್ಳಿಯ ಮೇಷ್ಟ್ರುಗಳ ಜೊತೆ ಕೂತು ಪಾಠ ಕಟ್ಟಿದರು. ಮುಂದೆ ಅದು ಇಡೀ ಜಿಲ್ಲೆಗೆ ಹರಡಿ, ಮೂವತ್ತು ವರ್ಷ ನಡೆದು, 2002ರಲ್ಲಿ ಸರ್ಕಾರದ ಒಂದು ಆಜ್ಞೆಯಿಂದ ನಿಂತಿತು. ಆ ಊರಿನ ಸಂತೆಯಲ್ಲೇ ಅರವಿಂದ ಗುಪ್ತ ಎಂಬ ಇಂಜಿನಿಯರು ಸೈಕಲ್ಲಿನ ವಾಲ್ವ್ ಟ್ಯೂಬನ್ನೂ ಬೆಂಕಿಕಡ್ಡಿಯನ್ನೂ ಕಂಡು ಅವೆರಡರಿಂದಲೇ ರೇಖಾಗಣಿತದ ಆಕೃತಿಗಳನ್ನು ಕಟ್ಟುವುದನ್ನು ಕಂಡುಹಿಡಿದದ್ದು. ಖರ್ಚು ಕೆಲವು ಪೈಸೆ.

ನಾವು ಮಾಡಿದ ಮೋಟಾರನ್ನೂ ದೇಶದ ಮಕ್ಕಳಿಗೆ ಹೆಚ್ಚಾಗಿ ತೋರಿಸಿಕೊಟ್ಟವರು ಅವರೇ. ಕೆಂಪುಕೋಟೆಯ ಎದುರಿನ ಲಾಜಪತ್ ರಾಯ್ ಮಾರ್ಕೆಟ್ಟಿನಿಂದ ಅರಗಿನಂಥ ಲೇಪವಿದ್ದ ತಾಮ್ರದ ತಂತಿ ತಂದೆವು. ದಪ್ಪ ಟಾರ್ಚ್ ಸೆಲ್ಲಿನ ಮೇಲೆ ಹನ್ನೆರಡು ಸುತ್ತು ಸುತ್ತಿ ಜಾರಿಸಿದರೆ ಸುರುಳಿ ಸಿದ್ಧ. ಸೆಲ್ಲಿನ ಎರಡು ತುದಿಗೂ ಒಂದೊಂದು ಸೇಫ್ಟಿ ಪಿನ್ನು, ಬಿಗಿಯಲು ರಬ್ಬರ್ ಬ್ಯಾಂಡು, ಸೆಲ್ಲಿನ ನೆತ್ತಿಯ ಮೇಲೆ ಒಂದು ಅಯಸ್ಕಾಂತ. ಸುರುಳಿಯ ಎರಡು ಬಾಲಗಳನ್ನು ಪಿನ್ನುಗಳ ಕಣ್ಣಿಗೆ ತೂರಿಸಿ ಇಡಬೇಕು. ಲೇಪವನ್ನು ಹೆರೆಯುವುದರಲ್ಲಿ ಗುಟ್ಟಿದೆ. ಹುಡುಗ ಎರಡು ಬಾಲಗಳನ್ನೂ ಸುತ್ತಲೂ ನುಣ್ಣಗೆ ಹೆರೆದಿಟ್ಟ. ಸುರುಳಿ ಅತ್ತ ಒಮ್ಮೆ ಇತ್ತ ಒಮ್ಮೆ ತೂಗಾಡಿ ನಿಂತುಬಿಟ್ಟಿತು. ಏಕೆ? ಅರ್ಧ ಸುತ್ತಿನಲ್ಲಿ ಅಯಸ್ಕಾಂತ ಮುಂದಕ್ಕೆ ತಳ್ಳಿದರೆ, ಉಳಿದರ್ಧದಲ್ಲಿ ಹಿಂದಕ್ಕೆ ಎಳೆಯುತ್ತದೆ. ಒಂದು ಬಾಲವನ್ನು ಅರ್ಧ ಮೈ ಮಾತ್ರ ಹೆರೆದರೆ, ಎಳೆಯುವ ಹೊತ್ತಿಗೆ ವಿದ್ಯುತ್ತೇ ಹರಿಯುವುದಿಲ್ಲ; ಸುರುಳಿ ತನ್ನ ವೇಗದಲ್ಲೇ ಆ ಅರ್ಧವನ್ನು ದಾಟಿಬಿಡುತ್ತದೆ. ನಾನು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವನು ಒಂದು ಮಧ್ಯಾಹ್ನವೆಲ್ಲ ಕೂತು, ಎರಡು ಸುರುಳಿ ಕೆಡಿಸಿ, ಮೂರನೆಯದರಲ್ಲಿ ತಾನೇ ಕಂಡುಕೊಂಡ. ಅದು ಗಿರ್ರನೆ ತಿರುಗಿದಾಗ “ತಾತ, ಸುರುಳಿ ತಿರುಗ್ತಿದೆ!” ಎಂದು ಕೂಗಿದ. ಕನ್ನಡದಲ್ಲಿಯೇ ಕೂಗಿದ.

ಶಾಲೆಯಲ್ಲಿ ಅವನಿಗೆ ಹತ್ತಕ್ಕೆ ಆರು ಬಂತು. ಪಕ್ಕದ ಮೇಜಿನ ಜ್ವಾಲಾಮುಖಿಗೆ ಒಂಬತ್ತು. ಸೊಸೆ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಹುಡುಗನಿಗೆ ಎರಡು ದಿನ ಬೇಸರವಿತ್ತು. ಮೂರನೆಯ ದಿನ ಅದೇ ತಂತಿಯಿಂದ ಕರೆಗಂಟೆ ಮಾಡಬಹುದೆ ಎಂದು ಕೇಳಿದ.

ಸಂಘದ ಕಾರ್ಯಕಾರಿ ಸಮಿತಿಯವರಲ್ಲಿ ಒಂದು ಕೋರಿಕೆ. ರಾಜ್ಯೋತ್ಸವದ ನೃತ್ಯದ ಅಭ್ಯಾಸವಿಲ್ಲದ ಭಾನುವಾರಗಳಲ್ಲಿ ಸಭಾಂಗಣದ ಹಿಂದಿನ ಕೋಣೆ ಖಾಲಿ ಇರುತ್ತದೆ. ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಅಲ್ಲೊಂದು ಗಟ್ಟಿ ಮೇಜು ಹಾಕಿಕೊಟ್ಟರೆ ಸಾಕು. ನಮ್ಮಲ್ಲಿ ನಿವೃತ್ತ ಇಂಜಿನಿಯರುಗಳಿಗೆ ಬರವಿಲ್ಲ; ಅವರಲ್ಲಿ ಇಬ್ಬರು ಆಗಲೇ ಒಪ್ಪಿದ್ದಾರೆ. ಬೆಸುಗೆ ಹಾಕುವ ಕಡ್ಡಿ, ಎರಡು ತಿರುಪುಳಿ, ಒಂದು ಇಕ್ಕಳ ನಾನು ತರುತ್ತೇನೆ. ಹುಡುಗಿಯರನ್ನೂ ತಪ್ಪದೆ ಕಳುಹಿಸಬೇಕು. ಯಾರ ಮನೆಯಲ್ಲಾದರೂ ಕೆಟ್ಟ ರೇಡಿಯೋ, ನಿಂತ ಗಡಿಯಾರ, ಸುಟ್ಟ ಮಿಕ್ಸಿ ಇದ್ದರೆ ಕಬಾಡಿಯವನಿಗೆ ಹಾಕದೆ ಆ ಕೋಣೆಗೆ ತಂದಿಡಿ.