ಸತ್ತರೂ ಬಿಡದ ಸ್ವಭಾವ

ಈ ಲೋಕದಲ್ಲಿ ಕೈಲಾಗದವನು ಬೇರೊಂದು ಲೋಕಕ್ಕೆ ಹೋದರೆ ವೀರನಾದಾನೆ? ಜಪಾನಿನ ನತ್ಸುಮೆ ಅಕತ್ಸುಕಿ ‘ಕೊನೋಸುಬಾ’ ಎಂಬ ಹಾಸ್ಯ ಕಾದಂಬರಿಯಲ್ಲಿ ಎತ್ತಿರುವ ಪ್ರಶ್ನೆಯಿದು. 2013ರಿಂದ 2020ರವರೆಗೆ 17 ಸಂಪುಟಗಳಲ್ಲಿ ಹೊರಬಂದ ಈ ಕಥೆಯ ನಾಯಕ ಕಜುಮಾ, ಮನೆಯಲ್ಲೇ ಕಾಲ ಕಳೆಯುವ ಸೋಮಾರಿ. ಬಾಲಕಿಯೊಬ್ಬಳನ್ನು ಉಳಿಸಹೋಗಿ, ಟ್ರ್ಯಾಕ್ಟರನ್ನು ಲಾರಿಯೆಂದು ಭ್ರಮಿಸಿ, ಅಂಜಿಕೆಯಿಂದಲೇ ಸಾಯುತ್ತಾನೆ. ಆ ಸಾವಿಗೆ ನಕ್ಕ ದೇವತೆ, ಹೊಸ ಲೋಕಕ್ಕೆ ಒಯ್ಯಲು ಏನಾದರೊಂದನ್ನು ಕೇಳೆನ್ನಲು, ಸಿಟ್ಟಿನಿಂದ ಅವಳನ್ನೇ ಕೇಳುತ್ತಾನೆ. ಅಲ್ಲಿ ಇಬ್ಬರಿಗೂ ದೊರೆತದ್ದು ಕೂಲಿ, ಕುದುರೆಲಾಯದ ನಿದ್ದೆ, ಮೇಲೆ ಸಾಲ.

ದೊಡ್ಡಾಟದಲ್ಲಿ ರಾಜನ ಠೀವಿಯನ್ನು ಸಾರಥಿಯ ಕುಚೋದ್ಯ ನೆಲಕ್ಕಿಳಿಸುವುದನ್ನು ಕಂಡ ಚಂದ್ರಬಂಡದಂಥ ಊರಿನ ಓದುಗನಿಗೆ ಈ ನಗೆ ಪರಕೀಯವಲ್ಲ. ಇಲ್ಲಿ ಆ ಸಾರಥಿಯಂಥವನೇ ನಾಯಕ. ಅದೇ ಕೃತಿಯ ಹಿರಿಮೆ.

ಕೊರತೆಯೂ ಅಲ್ಲಿಯೇ. ಸ್ವಭಾವ ಬದಲಾಗದೆಡೆ ನಗೆಯೂ ಬದಲಾಗದು. ಸಂಗಾತಿ ಮೆಗುಮಿನ್ ದಿನಕ್ಕೊಮ್ಮೆ ಸ್ಫೋಟಮಂತ್ರ ಹಾಕಿ ಕುಸಿಯುವುದು ಮೊದಲ ಸಲ ನಗಿಸುತ್ತದೆ. ಹತ್ತನೆಯ ಸಲ ದಣಿಸುತ್ತದೆ. ಹೆಣ್ಣಿನ ಮಾನವನ್ನು ಹಾಸ್ಯದ ಸರಕಾಗಿಸಿದಲ್ಲಿ ನಗೆ ಕಹಿಯಾಗುತ್ತದೆ. ಮನೆಮಂದಿಯೆಲ್ಲ ಕೂಡಿ ಓದಲಾಗದು.

ಆದರೂ, ಜಗಳವಾಡುತ್ತಲೇ ಈ ಕೈಲಾಗದವರು ಒಬ್ಬರನ್ನೊಬ್ಬರು ತೊರೆಯುವುದಿಲ್ಲ. ಲೋಕ ಬದಲಾದರೆ ಬಾಳೂ ಬದಲಾದೀತೆಂದು ಕನಸು ಕಾಣುವ ತರುಣನಿಗೆ ಕಾದಂಬರಿ ಹೇಳುವುದಿಷ್ಟು: ಸ್ವಭಾವ ಜೊತೆಗೇ ಬರುತ್ತದೆ, ಅದನ್ನು ಸಹಿಸುವವರು ದೊರೆತ ಲೋಕವೇ ಹೊಸ ಲೋಕ.