ಅಮ್ಮನ ಫೋನಿಗೆ ಊರು ಗೊತ್ತು, ಭಾಷೆ ಗೊತ್ತಿಲ್ಲ

ಅಮ್ಮ ಸಾಗರದಿಂದ ವಾರಾಣಸಿಗೆ, ನಮ್ಮ ಮನೆಗೆ, ಬಂದು ವರ್ಷವಾಯಿತು. ಬೆಳಿಗ್ಗೆ ಹನುಮಾನ್ ಘಾಟ್ ಕಡೆ ಹೋದರೆ ಯಾತ್ರೆಗೆ ಬಂದವರ ಕನ್ನಡ ಕಿವಿಗೆ ಬೀಳುತ್ತದೆ. ಮಧ್ಯಾಹ್ನದ ಕನ್ನಡ ಮಾತ್ರ ಫೋನಿನದು: ಯಕ್ಷಗಾನ. ಕರ್ಣನ ಅರ್ಥಗಾರಿಕೆ ಏರುತ್ತಿರುವಾಗಲೇ ಪೊಲೀಸ್ ನೇಮಕಾತಿ ಕೋಚಿಂಗ್‌ನ ಹಿಂದಿ ಜಾಹೀರಾತು ನುಗ್ಗುತ್ತದೆ. ‘ಇವ್ರು ಎಂತ ಮಾರ್ತಾ ಇದಾರೆ ಮಾರಾಯ?’ ಎಂದು ಅಮ್ಮ ಕೇಳುತ್ತಾಳೆ.

ನಾನು ಡೇಟಾ ಕೆಲಸದವನು, ಹಾಗಾಗಿ ಉತ್ತರ ಗೊತ್ತಿದೆ. ವಿಡಿಯೊ ತೆರೆದ ಕ್ಷಣದಲ್ಲೇ ಯಾರ ಜಾಹೀರಾತು ತೋರಿಸಬೇಕೆಂದು ಯಂತ್ರಗಳ ನಡುವೆ ಹರಾಜು ನಡೆಯುತ್ತದೆ. ಜಾಹೀರಾತುದಾರರು ಊರು, ಭಾಷೆ, ವಯಸ್ಸು, ಆಸಕ್ತಿಗಳನ್ನು ಮೊದಲೇ ಆರಿಸಬಹುದು. ‘ವಾರಾಣಸಿ’ ಎಂದಷ್ಟೇ ಗುರುತು ಹಾಕಿ ಉಳಿದದ್ದನ್ನು ಹಾಗೇ ಬಿಟ್ಟರೆ ಅರವತ್ತೆಂಟರ ಅಮ್ಮನೂ ಪೊಲೀಸ್ ಕೆಲಸದ ಅಭ್ಯರ್ಥಿಯೇ!

ಇದರಲ್ಲಿ ನಷ್ಟ ಅವರಿಗೂ ಇದೆ. ಯೂಟ್ಯೂಬ್ 2010ರಲ್ಲಿ ‘ಸ್ಕಿಪ್’ ಮಾಡಬಹುದಾದ ಜಾಹೀರಾತು ತಂದಿತು. 5 ಸೆಕೆಂಡ್ ಆದಮೇಲೆ ದಾಟಿ ಹೋಗಬಹುದು. ನೋಟಕ್ಕಿಷ್ಟು ಎಂಬ ದರದಲ್ಲಿ, 30 ಸೆಕೆಂಡ್ ಅಥವಾ ಚಿಕ್ಕ ಜಾಹೀರಾತನ್ನು ಪೂರ್ತಿ ನೋಡಿದರೆ, ಇಲ್ಲವೇ ಅದನ್ನು ಒತ್ತಿದರೆ ಮಾತ್ರ ದುಡ್ಡು. ಏನು ಒತ್ತಿದರೆ ಏನಾಗುತ್ತದೋ ಎಂದು ಹೆದರುವ ಹಿರಿಯರು ಕೊನೆಯವರೆಗೂ ನೋಡುತ್ತಾರೆ. ಅಂಗಡಿಯವನ ಹಣ ಹೋಯಿತು, ಗಿರಾಕಿ ಸಿಗಲಿಲ್ಲ. ಅತ್ತ ಧಾರವಾಡದ ಪುಸ್ತಕದಂಗಡಿಯವರು ‘ಕರ್ನಾಟಕ’ ಎಂದು ಆರಿಸಿದರೆ ಕಾಶಿ, ಮುಂಬೈ, ದೆಹಲಿಯಲ್ಲಿರುವ ನಾವು ಅವರ ಕಣ್ಣಿಗೇ ಬೀಳುವುದಿಲ್ಲ.

ಇದಕ್ಕೆ ನಮ್ಮ ವೃತ್ತಿಯವರ ಸಿದ್ಧ ಪರಿಹಾರ ಒಂದೇ: ನೋಡುಗರ ಬಗ್ಗೆ ಇನ್ನಷ್ಟು ತಿಳಿದುಕೊಳ್ಳಿ. ಇದನ್ನು ನಾನು ಒಪ್ಪುವುದಿಲ್ಲ. ಅಪ್ಪ ಕಾಯಿಲೆ ಬಿದ್ದಾಗ ಅಮ್ಮನ ಫೋನಿನಲ್ಲೇ ವಾರಗಟ್ಟಲೆ ಆಸ್ಪತ್ರೆ, ಆಕ್ಸಿಜನ್ ಯಂತ್ರ ಹುಡುಕಿದ್ದೆವು. ಅಪ್ಪ ತೀರಿಕೊಂಡ ಮೇಲೂ ಒಂದು ಆ್ಯಪ್‌ನಲ್ಲಿ ಅದೇ ಯಂತ್ರದ ಜಾಹೀರಾತು ಬರುತ್ತಲೇ ಇತ್ತು. ಯಂತ್ರದ ಲೆಕ್ಕದಲ್ಲಿ ಅದು ಅತ್ಯಂತ ಪ್ರಸ್ತುತ. ಅಮ್ಮ ಫೋನನ್ನು ಬೋರಲು ಹಾಕಿ ಎದ್ದು ಹೋಗುತ್ತಿದ್ದಳು.

ಜಾತ್ರೆಯ ಬಳೆಗಾರ ಯಾರ ಮನೆಯ ಕಥೆಯನ್ನೂ ಕೇಳುವುದಿಲ್ಲ. ಹೆಂಗಸರು ಓಡಾಡುವ ಕಡೆ ಅಂಗಡಿ ಹಾಕುತ್ತಾನೆ. ಯಕ್ಷಗಾನದ ವಿಡಿಯೊ ತಾನೇ ಬೇಕಾದ್ದನ್ನೆಲ್ಲ ಹೇಳುತ್ತದೆ: ನೋಡುವವರಿಗೆ ಕನ್ನಡ ಬರುತ್ತದೆ, ಇಂಥ ಕಲೆ ಇಷ್ಟ. ಅಷ್ಟು ಸಾಕು. ಅವರ ಮನೆಯಲ್ಲಿ ಯಾರು ಕಾಯಿಲೆ ಬಿದ್ದಿದ್ದಾರೆ ಎಂಬುದು ಬೇಕಿಲ್ಲ.

ನಾವು ಮಾಡಬಹುದಾದ್ದೂ ಇದೆ. ಗೂಗಲ್ 2022ರಲ್ಲಿ ‘ಮೈ ಆ್ಯಡ್ ಸೆಂಟರ್’ ತಂದಿದೆ. ಅಲ್ಲಿ ವೈಯಕ್ತಿಕ ಮಾಹಿತಿ ಆಧರಿಸಿದ ಜಾಹೀರಾತನ್ನು ನಿಲ್ಲಿಸಬಹುದು; ಮದ್ಯ, ಜೂಜು, ತೂಕ ಇಳಿಸುವಂಥ ವಿಷಯಗಳನ್ನು ಕಡಿಮೆ ಮಾಡಿಸಬಹುದು. ಜಾಹೀರಾತು ಪೂರ್ತಿ ನಿಲ್ಲುವುದಿಲ್ಲ, ಬೆನ್ನು ಹತ್ತುವುದು ಕಡಿಮೆಯಾಗುತ್ತದೆ. ಫೋನಿನ ಭಾಷೆಯನ್ನೂ ಕನ್ನಡಕ್ಕೆ ಬದಲಿಸಿ. ಭಾಷೆ ಊಹಿಸಲು ಯಂತ್ರಕ್ಕೆ ಅದೊಂದು ಸುಳಿವು. 2023ರ ದತ್ತಾಂಶ ರಕ್ಷಣೆ ಕಾಯ್ದೆ ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತು ಬೇಡವೆನ್ನುತ್ತದೆ. ವಯಸ್ಸಾದವರಿಗೆ ಅಂಥ ರಕ್ಷಣೆ ಅದರಲ್ಲಿಲ್ಲ. ಅವರ ಪಾಲಿಗೆ ಸದ್ಯ ನಾವೇ ಇರುವುದು. ಈ ಸಲ ಊರಿಗೆ ಹೋದಾಗ ಅಪ್ಪ–ಅಮ್ಮನ ಫೋನು ಹಿಡಿದು ಹತ್ತು ನಿಮಿಷ ಕೂತುಕೊಳ್ಳಿ.